ನೀಲವ್ವ ಮಗುಚಿಟ್ಟ ಚೀಟಿಗಳು

ನೀಲವ್ವ ಪುಸ್ತಕದ ಹಾಳೆಯನ್ನು ಬೆರಳಿನಿಂದ ತಿರುವಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಬಲಗೈಯನ್ನು ಮುಷ್ಟಿ ಮಾಡಿ, ಮಣಿಕಟ್ಟಿನ ಹೊರಬದಿಯಿಂದ ಹಾಳೆಯ ಅಂಚನ್ನು ಎತ್ತಿ ಮೆಲ್ಲಗೆ ಆಚೆಗೆ ಸರಿಸುತ್ತಿದ್ದಳು. ಜಾರಿದ ಕನ್ನಡಕವನ್ನು ಏರಿಸಲೂ ಅದೇ ಮಣಿಕಟ್ಟು. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಮೆಣಸಿನಕಾಯಿ ಆರಿಸಿದ ಕೈ ಅದು. ಹೀಗೇಕೆ ಎಂದು ಕೇಳಿದಾಗ ಆಕೆ ನಕ್ಕು ಹೇಳಿದ್ದಳು: "ಎಷ್ಟ ತೊಳದ್ರೂ ಖಾರ ಹೋಗೂದಿಲ್ರಿ ಸರ. ನಾ ಮುಟ್ಟಿದ ಹಾಳಿ ನೀವು ಮುಟ್ಟಿ ಕಣ್ಣ ತಿಕ್ಕೊಂಡ್ರ, ನೀವು ಯಾವುದೋ ಸತ್ತ ರಾಜಾನ ಸಲುವಾಗಿ ಅಳಾಕತ್ತೀರೋ, ನನ್ನ ಸಲುವಾಗಿ ಅಳಾಕತ್ತೀರೋ, ಅಕ್ಕಾರಿಗೆ ಹೆಂಗ ತಿಳೀಬೇಕು?"

ಅಕ್ಕಾರು ಎಂದರೆ ನನ್ನ ಹೆಂಡತಿ. ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು. ನಾನು ಶಾಸನಗಳನ್ನು ಓದಿ, ಅವುಗಳ ಕಾಲವನ್ನು ನಿರ್ಣಯಿಸಿ, ನಿವೃತ್ತನಾದವನು. ಶಾಸನದಲ್ಲಿ ಕೊಟ್ಟ ಸಂವತ್ಸರ, ಮಾಸ, ತಿಥಿ, ವಾರ ಈ ನಾಲ್ಕೂ ಪರಸ್ಪರ ಹೊಂದಿದ ಹೊರತು ನಾನು ಒಂದು ವರ್ಷವನ್ನೂ ಬರೆದವನಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಈ ಬರಹವನ್ನು ಅದೇ ಅಭ್ಯಾಸದಿಂದ ಆರಂಭಿಸಿದ್ದೇನೆ. ನೀಲವ್ವನನ್ನು ಮೊದಲು ಕಂಡದ್ದು ಕಾರ್ತಿಕದಲ್ಲಿ ಎಂದು ನನ್ನ ನೆನಪು ಹೇಳುತ್ತದೆ, ದಿನಚರಿ ಪುಷ್ಯ ಎನ್ನುತ್ತದೆ. ಆಕೆ ಸಂಕ್ರಾಂತಿಯ ಸ್ನಾನಕ್ಕೆ ಗಳಗನಾಥಕ್ಕೆ ಬಂದಿದ್ದಳೆಂಬುದು ಖಚಿತವಾದ್ದರಿಂದ ದಿನಚರಿಯೇ ಸರಿ.

ಅಂದು ನಾನು ಊರಾಚೆಯ ಹೊಲದ ಬದುವಿನಲ್ಲಿದ್ದ ಒಂದು ಒಡೆದ ಕಲ್ಲಿಗೆ ಒದ್ದೆ ಕಾಗದ ಬಡಿದು, ಮಸಿ ಹಚ್ಚಿ, ಅಕ್ಷರಗಳ ಅಚ್ಚು ತೆಗೆಯುತ್ತಿದ್ದೆ. ಸಂಗಮದಲ್ಲಿ ಮಿಂದು ಬಂದ ಹೆಂಗಸರ ಗುಂಪು ಸ್ವಲ್ಪ ಹೊತ್ತು ನಿಂತು ನೋಡಿ ಮುಂದೆ ಹೋಯಿತು. ಒಬ್ಬಳು ಮಾತ್ರ ಉಳಿದಳು.

"ಮುಟ್ಟಬಹುದೇನ್ರಿ?" ಎಂದಳು.

"ಮುಟ್ಟು. ಸಾವಿರ ವರ್ಷ ಮಳಿ ಮುಟ್ಟೇತಿ, ನೀ ಮುಟ್ಟಿದ್ರ ಏನಾಗತೈತಿ?" ಎಂದೆ.

ಆಕೆ ಕಣ್ಣು ಮುಚ್ಚಿದಳು. ಸವೆದ ಸಾಲಿನ ಮೇಲೆ ಮೂರು ಬೆರಳುಗಳನ್ನು ಹರಿಸಿದಳು. ಅನಂತರ ನನ್ನ ಟಿಪ್ಪಣಿ ಪುಸ್ತಕವನ್ನು ನೋಡಿ, "ಇಲ್ಲೊಂದು ಗೀಟು ಕೆಳಗ ಹೊಕ್ಕೈತ್ರಿ. ನೀವು ಬರದಿದ್ರಾಗ ಅದಿಲ್ಲ" ಎಂದಳು. ನಾನು ಕನ್ನಡಿ ಹಿಡಿದು ಅಡ್ಡ ಬೆಳಕು ಬೀಳಿಸಿದೆ. ಗೀಟು ಇತ್ತು. ಕೂದಲೆಳೆಯಷ್ಟು ಆಳದ್ದು. ಅದರಿಂದ ದಾನ ಕೊಟ್ಟವನ ಹೆಸರೇ ಬದಲಾಯಿತು.

ಅಂದಿನಿಂದ ಆರು ವರ್ಷ, ಅಂಗಡಿಗೆ ಬಿಡುವಿದ್ದ ದಿನಗಳಲ್ಲಿ, ನೀಲವ್ವ ನನ್ನೊಡನೆ ಕಲ್ಲುಗಳಿಗೆ ಬಂದಳು. ಆಕೆ ಅಂಚೆ ಮೂಲಕ ಬಿ.ಎ. ಮುಗಿಸಿದ್ದಳು. ಹಳೆಯ ಲಿಪಿಯನ್ನು ಒಂದೇ ಬೇಸಿಗೆಯಲ್ಲಿ ಕಲಿತಳು. ಮಗಳನ್ನು ಮದುವೆ ಮಾಡಿ ಕೊಟ್ಟಾಗಿತ್ತು, ಗಂಡ ಫಕ್ಕೀರಪ್ಪ ಸೈಕಲ್ ರಿಪೇರಿ ಅಂಗಡಿಯವನು. ಅವನ ಊಟಕ್ಕೇನು ಎಂದು ನನ್ನ ಹೆಂಡತಿ ಕೇಳಿದರೆ, "ರೊಟ್ಟಿ ಬಡೀತಾರ್ರಿ ಅಕ್ಕಾರ. ಸೊಟ್ಟ ಬರತಾವ. ಹೊಟ್ಟಿಗೇನ ಕಣ್ಣದಾವೇನು?" ಎನ್ನುತ್ತಿದ್ದಳು.

ಆ ಆರು ವರ್ಷಗಳಲ್ಲಿ ನಾನು ಹನ್ನೊಂದು ಶಾಸನಗಳ ಪಾಠ ಪ್ರಕಟಿಸಿದೆ. ಅವುಗಳಲ್ಲಿ ಏಳರಲ್ಲಿ ಆಕೆಯ ಬೆರಳಿದೆ. ಅಡಿಟಿಪ್ಪಣಿಯಲ್ಲಿ ನಾನು ಬರೆದದ್ದು "ಸ್ಥಳೀಯರ ನೆರವಿನಿಂದ" ಎಂದು. ಅದನ್ನು ಓದಿದ ಒಂದು ವಾರದ ನಂತರ ಆಕೆ ಕೇಳಿದಳು: "ನಾ ಓದಿದ್ದರ ಕೆಳಗ ನನ್ನ ಹೆಸರ ಬರಬೇಕಂದ್ರ ಎಂ.ಎ. ಬೇಕೇನ್ರಿ ಸರ?"

ಬೇಡ, ನಾನು ಬರೆದರೆ ಸಾಕಿತ್ತು. ಆದರೆ ನಾನು "ಇದ್ರ ಛಲೋ" ಎಂದೆ.

ನೀಲವ್ವ ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದುದನ್ನು ಇಲ್ಲಿ ಬರೆಯಬೇಕು. ಕಾಯಿಯನ್ನು ಮೊದಲು ಮೂಗಿನಿಂದ, ಆಮೇಲೆ ಕೈಯಿಂದ, ಕಡೆಗೆ ಕಣ್ಣಿನಿಂದ ನೋಡಬೇಕೆಂಬುದು ಆಕೆಯ ಕ್ರಮ. ಇನ್ನೊಂದು ಕ್ರಮ ಆಕೆ ತಾನೇ ಮಾಡಿಕೊಂಡದ್ದು. ಚೀಲದೊಡನೆ ಬರುವ ಚೀಟಿಯಲ್ಲಿ ಬೆಳೆದವನ ಹೆಸರಿರುತ್ತದೆ. ಆರಿಸಲು ಕೂರುವ ಮೊದಲು ಆಕೆ ಅದನ್ನು ಓದದೆ ಮಗುಚಿಟ್ಟು, ಮೇಲೊಂದು ಕಲ್ಲು ಹೇರುತ್ತಿದ್ದಳು. "ಒಮ್ಮೆ ನಮ್ಮ ಮೈದುನನ ಚೀಲ ಬಂದಿತ್ತರಿ. ಚೀಟಿ ನೋಡಿಬಿಟ್ಟೆ. ಬಣ್ಣ ಕೆಟ್ಟ ಬಿಳಿ ಕಾಯೆಲ್ಲಾ ಕೆಂಪ ಕಂಡವು! ಸಾವಕಾರ್ರು ಬಂದು ರಾಶಿಗೆ ಕೈ ಹಾಕಿ, 'ಏನಬೇ ನೀಲವ್ವ, ಇವತ್ತ ಕಣ್ಣ ಮನ್ಯಾಗ ಬಿಟ್ಟ ಬಂದೀಯೇನ?' ಅಂದ್ರು. ಅವತ್ತಿಂದ ಹೆಸರ ನೋಡೂದ ಬಿಟ್ಟೇನಿ."

ಎಂ.ಎ. ಮಾಡಬಹುದಾದ ವಿಭಾಗಗಳು ಐದು ಸಿಕ್ಕವು. ಐದಕ್ಕೂ ಅರ್ಜಿ ಹಾಕಲು ಆಕೆಗೆ ಮನಸ್ಸಿರಲಿಲ್ಲ. "ಎಲ್ಲಾ ಹೊಲದಾಗೂ ಒಂದೊಂದು ಕಾಲ ಇಟ್ಟು ನಿಲ್ಲಾಕ ನನಗೇನ ಐದ ಕಾಲದಾವೇನ್ರಿ? ಎರಡ ಆರಿಸಿ ಕೊಡ್ರಿ" ಎಂದಳು. ಅಂಗಡಿಯ ಸಾಹುಕಾರರು ಎರಡು ವರ್ಷ ಆಕೆಯ ಜಾಗದಲ್ಲಿ ಯಾರನ್ನೂ ಕೂರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಎರಡು ವರ್ಷ, ಅದೂ ಒಂದೇ ಸಲ. ಆಗ ಆಕೆಗೆ ನಲವತ್ತೆರಡು.

ಅಂದು ಭಾನುವಾರ. ಇದಕ್ಕೆ ದಿನಚರಿಯಲ್ಲದೆ, ಆ ಚೀಟಿಗಳ ನಡುವೆ ಉಳಿದುಹೋದ ಆಕೆಯ ಬಸ್ಸಿನ ಟಿಕೇಟೂ ಸಾಕ್ಷಿಯಾಗಿದೆ. ನಮ್ಮ ಮನೆಯ ಊಟದ ಮೇಜಿನ ಮೇಲೆ ಐದು ಚೀಟಿಗಳಿದ್ದವು. ಹಿಂದಿನ ದಿನ ನನ್ನ ಹೆಂಡತಿ, ನೀಲವ್ವ ಕೇಳಿಕೊಂಡಂತೆ, ಪ್ರತಿ ಚೀಟಿಯ ಒಂದು ಬದಿಗೆ ವಿಭಾಗದ ವಿವರವನ್ನು ಬರೆದಿದ್ದಳು: ಶಾಸನದ ಪತ್ರಿಕೆ ಕಡ್ಡಾಯವೋ ಐಚ್ಛಿಕವೋ, ಕಲ್ಲುಗಳಿಗೆ ಕರೆದೊಯ್ಯುತ್ತಾರೋ ಇಲ್ಲವೋ, ಹಾಸ್ಟೆಲ್ ಉಂಟೋ, ಹಾವೇರಿ ಸ್ಟೇಶನ್ನಿನಿಂದ ಎಷ್ಟು ಹೊತ್ತಿನ ದಾರಿ. ವಿಶ್ವವಿದ್ಯಾಲಯದ ಹೆಸರು, ಕಲಿಸುವವರ ಹೆಸರು ಹಿಂಬದಿಗೆ. ಯಾವ ಚೀಟಿ ಯಾವುದೆಂದು ನಮಗಿಬ್ಬರಿಗೂ ತಿಳಿಯದು.

ಶಾಸನವನ್ನು ಹೆಸರಿಗಷ್ಟೇ ಇಟ್ಟುಕೊಂಡಿದ್ದ ಎರಡನ್ನು ಆಕೆ ಮಣಿಕಟ್ಟಿನಿಂದ ಬದಿಗೆ ಸರಿಸಿದಳು. ಮೂರು ಉಳಿದವು. ಅವುಗಳಲ್ಲಿ ಒಂದನ್ನು ಮೂರು ಸಲ ಓದಿದಳು. ಶಾಸನ ಕಡ್ಡಾಯ. ಪ್ರತಿ ತಿಂಗಳೂ ಕ್ಷೇತ್ರಕಾರ್ಯ. ವಿದ್ಯಾರ್ಥಿಗಳು ಓದಿದ ಪಾಠ ಅವರ ಹೆಸರಿನಲ್ಲೇ ವಿಭಾಗದ ಸಂಚಿಕೆಯಲ್ಲಿ ಅಚ್ಚಾಗುತ್ತದೆ. "ಇದ ನೋಡ್ರಿ ಸರ! ಇದಕ್ಕ ವಾಸನಿನ ಬ್ಯಾರೆ ಐತಿ" ಎಂದಳು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಕರೆದಳು, ನೀಲವ್ವ ಚಹಾದ ಕಪ್ಪುಗಳನ್ನು ತರಲು ಎದ್ದು ಹೋದಳು.

ನಾನು ಆ ಚೀಟಿಯನ್ನು ಮಗುಚಿ ನೋಡಿದೆ.

ಅಲ್ಲಿದ್ದ ಅಧ್ಯಾಪಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂವತ್ಸರದ ಹೆಸರುಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಬಹಳ ಹಿಂದೆ ನಾನು ಒಂದು ಶಾಸನದ ಕಾಲವನ್ನು ಒಂದು ಸುತ್ತು, ಅಂದರೆ ಅರವತ್ತು ವರ್ಷ, ತಪ್ಪಾಗಿ ಹೇಳಿದ್ದೆ. ತುಂಬಿದ ಗೋಷ್ಠಿಯಲ್ಲಿ ಅವರು ಎದ್ದು, ವಾರ ಹೊಂದುವುದಿಲ್ಲವೆಂದು ತೋರಿಸಿಕೊಟ್ಟರು. ಅವರ ಮಾತು ಸರಿಯಾಗಿತ್ತು, ವಿನಯದಿಂದಲೂ ಕೂಡಿತ್ತು. ನಾನು ಕ್ಷಮಿಸಲಿಲ್ಲ.

ನೀಲವ್ವ ಚಹಾ ತಂದಿಟ್ಟಾಗ ಚೀಟಿ ಮೊದಲಿದ್ದಂತೆಯೇ ಇತ್ತು.

"ಇದನ್ನ ಬಿಡು ನೀಲವ್ವ. ಅಲ್ಲಿ ಶಾಸನ ಕಲಿಸಾವ್ರು ಬರೂ ವರ್ಷ ನಿವೃತ್ತಿ ಆಗತಾರ. ಆಮ್ಯಾಲ ಅಲ್ಲಿ ಯಾರೂ ಇರಾಂಗಿಲ್ಲ" ಎಂದೆ.

ಆಕೆ ನನ್ನನ್ನು ನೋಡಿದಳು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ಖರೇ ಏನ್ರಿ?"

"ಖರೇ."

"ತಾರೀಖ ನೀವು ಹೇಳಿದ ಮ್ಯಾಲ ಮುಗೀತ್ರಿ" ಎಂದು ಅದನ್ನೂ ಬದಿಗೆ ಸರಿಸಿದಳು.

ಅವರ ನಿವೃತ್ತಿಯ ತಾರೀಖು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಲು ಒಂದು ಫೋನು ಸಾಕಿತ್ತು. ಜೀವಮಾನದಲ್ಲಿ ಬೇಕೆಂದೇ ಪರಿಶೀಲಿಸದೆ ನಾನು ಹೇಳಿದ ತಾರೀಖು ಅದೊಂದೇ. ಪರಿಶೀಲಿಸಿದ್ದರೆ ಹೇಳಲು ಬರುತ್ತಿರಲಿಲ್ಲ, ಆದ್ದರಿಂದಲೇ ಪರಿಶೀಲಿಸಲಿಲ್ಲ.

ಆಕೆ ಹೋದ ಮೇಲೆ ಹೆಂಡತಿ ಚೀಟಿಗಳನ್ನು ಎತ್ತಿಡುತ್ತ, "ಇದನ್ಯಾಕ ತಗದ್ರಿ? ಎಲ್ಲಾದಕ್ಕಿಂತ ಇದ ಛಲೋ ಇತ್ತಲ್ಲ" ಎಂದು ಹಿಂಬದಿ ನೋಡಿದಳು. "ಓಹೋ, ಇವ್ರ? ಇಪ್ಪತ್ತ ವರ್ಷ ಆತು, ಇವ್ರು ದಿನಾ ನಮ್ಮನ್ಯಾಗ ನಿಮ್ಮ ಮಗ್ಗಲಕ್ಕ ಊಟಕ್ಕ ಕುಂದರತಾರ. ಇವತ್ತ ಆಕಿ ತಾಟಿಗೂ ಕೈ ಹಾಕಿದ್ರೇನು?" ಎಂದಳು.

ಅರ್ಜಿಯ ಕೊನೆಯ ತಾರೀಖಿಗೆ ಇನ್ನೂ ಹನ್ನೊಂದು ದಿನಗಳಿದ್ದವು. ಆ ಹನ್ನೊಂದು ದಿನ ನಾನೇನು ಮಾಡಿದೆ ಎಂಬುದು ದಿನಚರಿಯಲ್ಲಿದೆ. ಎರಡು ದಿನ ಪುಸ್ತಕಗಳಿಗೆ ಬಿಸಿಲು ತೋರಿಸಿದೆ. ಒಂದು ದಿನ ಹಲ್ಲಿನ ವೈದ್ಯರಲ್ಲಿಗೆ ಹೋದೆ. ಒಂಬತ್ತನೆಯ ದಿನ ಹಾವೇರಿಯ ಕಚೇರಿಯಲ್ಲಿ ಕೆಲಸವಿತ್ತು, ರೈಲಿನಲ್ಲಿ ಹೋದೆ. ರೈಲು ಬ್ಯಾಡಗಿಯಲ್ಲಿ ಎರಡು ನಿಮಿಷ ನಿಂತಿತು. ನಾನು ಊರು ಕಾಣದ ಆಚೆ ಬದಿಯ ಕಿಟಕಿಯಲ್ಲಿ ಕುಳಿತಿದ್ದೆ.

ಉಳಿದ ಎರಡರಲ್ಲಿ ಒಂದು ಕಡೆ ಆಕೆಗೆ ಸೀಟು ಸಿಕ್ಕಿತು. ಹಾವೇರಿ ಸ್ಟೇಶನ್ನಿನಲ್ಲಿ ನಾವಿಬ್ಬರೂ, ಫಕ್ಕೀರಪ್ಪನೂ ಕಳಿಸಲು ಹೋಗಿದ್ದೆವು. ಹೊಸ ಚಪ್ಪಲಿ ಹಾಕಿಕೊಂಡಿದ್ದಳು. "ಎರಡ ವರ್ಷ ಖಾರ ಮುಟ್ಟಾಂಗಿಲ್ಲ. ತಿರುಗಿ ಬರೂದ್ರಾಗ ಬೆರಳಿನಿಂದನ ಹಾಳಿ ತಿರುವತೇನಿ ನೋಡ್ರಿ" ಎಂದಳು.

ಅಲ್ಲಿ ಶಾಸನ ಎರಡನೆಯ ವರ್ಷದ ಐಚ್ಛಿಕ ಪತ್ರಿಕೆ. ಅದನ್ನು ಕೇಳಿದವಳು ಆಕೆ ಒಬ್ಬಳೇ. ಒಬ್ಬರಿಗಾಗಿ ಪಾಠ ನಡೆಸಲಾಗದೆಂದು ಕೈಬಿಟ್ಟು, ಪ್ರವಾಸೋದ್ಯಮದ ಪತ್ರಿಕೆ ತೆಗೆದುಕೊಳ್ಳಲು ಹೇಳಿದರು. ನೀಲವ್ವ ಒಂದು ತಿಂಗಳು ಕಾದು, ಪೆಟ್ಟಿಗೆ ಕಟ್ಟಿಕೊಂಡು ಬಂದಳು. "ನಾ ಪ್ರವಾಸ ಕಲೀಲಿಕ್ಕ ಹೋಗಿದ್ದಿಲ್ಲ. ಅದು ಬಸ್ಸಿನಾಗ ಕುಂತ್ರ ಬರತೈತಿ" ಎಂದು ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದಳಂತೆ. ಮತ್ತೆ ಅಂಗಡಿಗೆ ಕುಳಿತಳು. ಕಲ್ಲುಗಳಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಅಂಚೆಯಲ್ಲಿ ಒಂದು ಅಭಿನಂದನ ಸಮಾರಂಭದ ಆಮಂತ್ರಣ ಬಂತು. ಆ ಅಧ್ಯಾಪಕರು ನಿವೃತ್ತರಾಗುತ್ತಿದ್ದರು. ತಾರೀಖು ನೋಡಿ ಹಿಂದಕ್ಕೆ ಎಣಿಸಿದೆ. ಚೀಟಿ ಮಗುಚಿದ ದಿನದಿಂದ ಅವರಿಗೆ ಇನ್ನೂ ಮೂರು ವರ್ಷಕ್ಕೂ ಮೀರಿದ ಸೇವೆ ಇತ್ತು. ನೀಲವ್ವನಿಗೆ ಬೇಕಿದ್ದುದು ಎರಡು.

ಮರುದಿನವೇ ಬ್ಯಾಡಗಿಗೆ ಹೋದೆ. ಅಂದು ಬುಧವಾರವೆಂದು ನನ್ನ ನೆನಪು. ಆದರೆ ಮಾರುಕಟ್ಟೆ ತುಂಬಿತ್ತು, ಅಂಗಳದುದ್ದಕ್ಕೂ ಟೆಂಡರು ನಡೆದಿತ್ತು. ಬುಧವಾರ ಅಲ್ಲಿ ಟೆಂಡರು ಇರುವುದಿಲ್ಲ, ಹಾಗಾದರೆ ಗುರುವಾರವೇ ಇರಬೇಕು. ಕೆಂಪು ರಾಶಿಗಳ ನಡುವೆ, ಮೂಗಿಗೆ ಸೆರಗು ಕಟ್ಟಿಕೊಂಡು, ಎಂಟು ಹೆಂಗಸರ ಸಾಲಿನಲ್ಲಿ ಆಕೆ ಕುಳಿತಿದ್ದಳು. ಪಕ್ಕದಲ್ಲಿ ಮಗುಚಿದ ಚೀಟಿ, ಮೇಲೆ ಕಲ್ಲು. ನಾನು ಸೀನುತ್ತಲೇ ಹೇಳತೊಡಗಿದೆ. ಸೀನು ತಡೆದಷ್ಟೂ ಬಂತು. ಒಬ್ಬಾಕೆ, "ನೀಲವ್ವ, ನಿಮ್ಮ ಮಾಸ್ತರಿಗೆ ಬೆಲ್ಲ ಕೊಡಬೇ, ಮಾತಾಡ್ಲಿ" ಎಂದು ನಕ್ಕಳು. ನೀಲವ್ವ ನಗಲಿಲ್ಲ, ಆರಿಸುವುದನ್ನೂ ನಿಲ್ಲಿಸಲಿಲ್ಲ. ಹೇಳಿ ಮುಗಿಸಿದೆ.

"ನನಗ ಅವತ್ತ ಗೊತ್ತಾತ್ರಿ ಸರ" ಎಂದಳು. "ಚೀಟಿ ಹೊಳ್ಳಿಸಿ ನೋಡದ, ಅಲ್ಲಿ ಕಲಿಸಾವ್ರು ಯಾರು, ಅವ್ರ ನಿವೃತ್ತಿ ಯಾವಾಗ ಅಂತ ನಿಮಗ ಹೆಂಗ ತಿಳೀಬೇಕು?"

"ಮತ್ಯಾಕ ಸುಮ್ಮನಾದಿ?"

"ಹೆಸರ ನೋಡೀರಿ ಅಂತ ತಿಳಕೊಂಡೆ. ಅದಕ್ಕೇನ, ನಾನೂ ಒಮ್ಮೆ ನೋಡೇನಿ. ಆದ್ರ ತಾರೀಖ ಸುಳ್ಳ ಹೇಳತೀರಿ ಅಂತ ತಿಳಕೊಳ್ಳಲಿಲ್ಲ."

ಒಂದು ಬಿಳಿ ಕಾಯಿಯನ್ನು ಆರಿಸಿ ಹಿಂದಕ್ಕೆ ಎಸೆದಳು. ಆಮೇಲೆ ಕೇಳಿದಳು: "ಅಚ್ಚಾದ ಮ್ಯಾಲ ತಾರೀಖ ತಪ್ಪೈತಿ ಅಂತ ಗೊತ್ತಾದ್ರ ನೀವು ಏನ್ ಮಾಡತೀರ್ರಿ?"

"ತಿದ್ದುಪಡಿ ಪ್ರಕಟಿಸತೇನಿ."

"ಮಾಡ್ರಿ ಮತ್ತ" ಎಂದಳು. ಮಣಿಕಟ್ಟಿನಿಂದ ಕನ್ನಡಕ ಏರಿಸಿಕೊಂಡು ರಾಶಿಗೆ ಬಾಗಿದಳು.

ಅದೇ ಕಡೆಯ ಭೇಟಿ. ಕಳೆದ ಸುಗ್ಗಿಯಿಂದ ಆ ಸಾಲಿನಲ್ಲಿ ಏಳು ಹೆಂಗಸರಿದ್ದಾರೆ. ಖಾರದ ಘಾಟಿಗೆ ನೀಲವ್ವನ ಉಸಿರು ಕಟ್ಟತೊಡಗಿ, ವೈದ್ಯರು ಮಾರುಕಟ್ಟೆಯ ಕಡೆ ಹೋಗಬೇಡವೆಂದರಂತೆ. ಗಂಡ ಹೆಂಡತಿ ಕಾಗಿನೆಲೆಯಲ್ಲಿರುವ ಆಕೆಯ ತವರಿಗೆ ಹೋಗಿದ್ದಾರೆ. ಕಾಗಿನೆಲೆಗೆ ಬಸ್ಸುಗಳಿಗೆ ಕೊರತೆಯಿಲ್ಲ. ನಾನು ಹತ್ತಿಲ್ಲ. ತಿದ್ದುಪಡಿ ಅಚ್ಚಾಗಲಿ, ಅದನ್ನು ಹಿಡಿದುಕೊಂಡೇ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ್ದೇನೆ. ಅದೂ ಪೂರ್ತಿ ನಿಜವಲ್ಲ. ಆಕೆ ಈಗ ಹಾಳೆಯನ್ನು ಬೆರಳಿನಿಂದ ತಿರುವುತ್ತಿರಬಹುದು, ಅದನ್ನು ನೋಡಲು ನನಗೆ ಭಯ.

ತಿದ್ದುಪಡಿ ಇಷ್ಟು. ನಾನು ಪ್ರಕಟಿಸಿದ ಹನ್ನೊಂದು ಶಾಸನಪಾಠಗಳ ಪೈಕಿ ಏಳರ ಅಡಿಟಿಪ್ಪಣಿಗಳಲ್ಲಿ "ಸ್ಥಳೀಯರ ನೆರವಿನಿಂದ" ಎಂದಿರುವಲ್ಲಿ "ಓದಿದವರು: ನೀಲವ್ವ ಫಕ್ಕೀರಪ್ಪ ಹೊಸಮನಿ, ಬ್ಯಾಡಗಿ" ಎಂದು ತಿದ್ದಿಕೊಳ್ಳಬೇಕು. ಒಂದು ಭಾನುವಾರ ನಮ್ಮ ಊಟದ ಮೇಜಿನ ಬಳಿ ನಾನು ಹೇಳಿದ ತಾರೀಖು ತಪ್ಪು. ಸರಿಯಾದದ್ದು ನನಗೆ ಗೊತ್ತಿಲ್ಲವೆಂದು ತಿಳಿದೇ ಹೇಳಿದ್ದು.