ಹಚಾ ಅಂದರೆ ಬರುವ ನಾಯಿ

ನಾಯಿಯ ವಿಷಯದಲ್ಲಿ ನಮ್ಮಪ್ಪ ದೊಡ್ಡ ಪಂಡಿತರು. ತುಮಕೂರಿನಲ್ಲಿ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರಾಗಿದ್ದ ಅವರು ನಾಯಿ ಸಾಕುವುದು ಹೇಗೆಂಬ ಪುಸ್ತಕ ಓದಿ ಮುಗಿಸಿಯೇ ಮರಿ ತಂದರು. ಇಂಗ್ಲಿಷ್ ಹೆಸರಿಟ್ಟು, ಬೆಳಗ್ಗೆ ಸಂಜೆ "ಕಮ್", "ಸಿಟ್" ಎಂದು ಪಾಠ ಮಾಡಿದರು. ನಾಯಿ ಬಾಲ ಅಲ್ಲಾಡಿಸುತ್ತ ಕೇಳಿಸಿಕೊಳ್ಳುತ್ತಿತ್ತು. ಅವರ ಕ್ಲಾಸಿನ ಹುಡುಗರ ಹಾಗೆ ಒಂದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ.

ಅಪ್ಪನ ತಾಯಿ, ನಮ್ಮಜ್ಜಿಗೆ, ನಾಯಿಯೆಂದರೆ ಮೈಲಿಗೆ. ಮಡಿಯುಟ್ಟು ಅಡುಗೆ ಮಾಡುವವರು. ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಅನ್ನದ ಉಂಡೆ ಎಸೆಯುತ್ತ, "ಹಚಾ! ದೂರ ಹೋಗು! ಮುಟ್ಟೀಯ ಮತ್ತೆ!" ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಆ ಉಂಡೆಗೆ ಒಂದಿಷ್ಟು ತುಪ್ಪವೂ ಬಿದ್ದಿರುತ್ತಿತ್ತು. ಅದನ್ನು ಮಾತ್ರ ಯಾರೂ ಎತ್ತಿ ಆಡುವಂತಿರಲಿಲ್ಲ.

ಆ ಕಾಲಕ್ಕೆ ಸಾಕಿದ ನಾಯಿಯ ಕೊರಳಲ್ಲಿ ಮುನಿಸಿಪಾಲಿಟಿಯ ಹಿತ್ತಾಳೆ ಬಿಲ್ಲೆ ಇರಬೇಕಿತ್ತು. ಇಲ್ಲದ್ದನ್ನು ನಾಯಿ ಹಿಡಿಯುವ ಗಾಡಿಯವರು ಒಯ್ಯುತ್ತಿದ್ದರು. ಒಯ್ದದ್ದು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ. ಕತ್ತರಿ, ಈಳಿಗೆಮಣೆ, ಅಪ್ಪನ ಸೈಕಲ್ಲು ಎಲ್ಲ ಹೊಳೆಯುವಾಗ ಬಿಲ್ಲೆಯೊಂದು ಮಂಕಾಗಿದ್ದರೆ ಹೇಗೆ ಎಂದು ಹತ್ತು ವರ್ಷದ ನನಗೆ ಅನಿಸಿತು. ಕೊರಳಪಟ್ಟಿ ಬಿಚ್ಚಿ, ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ನೆನೆಹಾಕಿದೆ. ಭಕ್ತಿ ಅತಿಯಾದರೆ ಹೀಗೇ. ತೆರೆದ ಬಾಗಿಲಿನಿಂದ ನಾಯಿ ಬೀದಿಗಿಳಿಯಿತು. ಹಬ್ಬಕ್ಕೆ ಊರು ಚೊಕ್ಕಟ ಮಾಡಲೆಂದು ಗಾಡಿಯೂ ಅದೇ ಹೊತ್ತಿಗೆ ಬಂತು.

ನಾನು ಅಳುತ್ತ ನಾಯಿಯ ಹಿಂದೆ ಓಡಿದೆ. ಅಪ್ಪ ಪಂಚೆ ಎತ್ತಿಕಟ್ಟಿ "ಕಮ್! ಕಮ್!" ಎನ್ನುತ್ತ ನನ್ನ ಹಿಂದೆ. ನಾವು ಓಡಿದಷ್ಟೂ ಅದಕ್ಕೆ ಆಟ. ಕುಣಿಯುತ್ತ ನೇರ ಗಾಡಿಯ ಹತ್ತಿರಕ್ಕೇ ಹೋಗಿ, ಕುಣಿಕೆ ಹಿಡಿದು ನಿಂತವನಿಗೂ ಬಾಲ ಅಲ್ಲಾಡಿಸಿತು.

ಅಷ್ಟರಲ್ಲಿ ಅಜ್ಜಿ ಮಡಿಸೀರೆಯಲ್ಲೇ ಬೀದಿಗೆ ಬಂದರು. "ಅಟ್ಟಿಸ್ಕೊಂಡ್ ಹೋದ್ರೆ ನಿಲ್ಲುತ್ತೇನೋ ಅದು? ಸುಮ್ನೆ ನಿಂತ್ಕೋ" ಎಂದು ಮೇಷ್ಟ್ರನ್ನು ಗದರಿದರು. ಆಮೇಲೆ ನಾಯಿಗೆ ಬೆನ್ನು ಹಾಕಿ ಗಂಟಲೆತ್ತಿ ಕೂಗಿದರು:

"ಹಚಾ! ದೂರ ಹೋಗು! ಮುಟ್ಟೀಯ ಮತ್ತೆ!"

ಊಟದ ಕರೆ ಕೇಳಿದ ನಾಯಿ ಒಂದೇ ಓಟಕ್ಕೆ ಅವರ ಕಾಲ ಬಳಿ ಬಂತು. ಅಜ್ಜಿ ಬಗ್ಗಿ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಬಿಲ್ಲೆ ಎಲ್ಲಿ ಅಮ್ಮಾವ್ರೇ?" ಎಂದ ಗಾಡಿಯವನು.

"ಹುಣಸೆಹಣ್ಣಲ್ಲಿ ನೆನೀತಿದೆ ಕಣಪ್ಪಾ."

ನಾನು ಓಡಿಹೋಗಿ ಹುಳಿ ತೊಟ್ಟಿಕ್ಕುವ ಬಿಲ್ಲೆಯನ್ನು ತಂದು ತೋರಿಸಿದೆ. ಅವನು ನಗುತ್ತ ಹೋದ. ಅಜ್ಜಿ ತಣ್ಣೀರು ಸುರಿದುಕೊಂಡು ಮತ್ತೆ ಮಡಿಯುಟ್ಟು, ಅಡುಗೆಯನ್ನು ಮೊದಲಿನಿಂದ ಮಾಡಿದರು. ಅಪ್ಪನ ಪುಸ್ತಕ ಅಟ್ಟಕ್ಕೇರಿತು.

ಕೆಲವು ವರ್ಷಗಳ ಮೇಲೆ ಅಜ್ಜಿ ತೀರಿಕೊಂಡಾಗ ನಾಯಿ ಎರಡು ದಿನ ಅನ್ನ ಮುಟ್ಟಲಿಲ್ಲ. ಎಲ್ಲರೂ ಮುದ್ದಿನಿಂದ ಕರೆದು ನೋಡಿದೆವು. ಮೂರನೆಯ ಮಧ್ಯಾಹ್ನ ನಾನು ಉಂಡೆಗೆ ತುಪ್ಪ ಹಾಕಿ, ಹಿತ್ತಲ ಬಾಗಿಲಲ್ಲಿ ನಿಂತೆ. ಅಳು ಬರುತ್ತಿತ್ತು. ಆದರೂ ಬೀದಿಗೆಲ್ಲ ಕೇಳುವಂತೆ, "ಹಚಾ! ದೂರ ಹೋಗು!" ಎಂದು ಬೈದೆ.

ಎದ್ದು ಬಂದು ತಿಂದಿತು.