ಸಾನಪಾಡಾದ ಹನ್ನೆರಡು ದಿನ

ಅಕ್ಕೋರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ನಲವತ್ತು ವರ್ಷ ದಾರವನ್ನು ಹಲ್ಲಿನಿಂದಲೇ ಕಡಿದು ಬಿದ್ದ ಕಚ್ಚು. ಕತ್ತರಿ ಪಕ್ಕದಲ್ಲೇ ಇರುತ್ತಿತ್ತು. "ಕತ್ತರಿ ಬಟ್ಟೀಗೆ, ದಾರಕ್ಕ ಹಲ್ಲು" ಎನ್ನುತ್ತಿದ್ದರು.

ಮೊಮ್ಮಕ್ಕಳೇ, ಕಲ್ಯಾಣದ ನಮ್ಮ ಚಾಳಿನಲ್ಲಿ ಅವರದು ನಮ್ಮಿಂದ ಮೂರನೆಯ ಖೋಲಿ. ಮದುವೆಯಾಗಿ ವಿಜಯಪುರದ ಹಳ್ಳಿಯಿಂದ ಈ ಮರಾಠಿ ನಾಡಿಗೆ ಬಂದ ನನಗೆ ಹೊಲಿಗೆ ಕಲಿಸಿದವರು ಅವರೇ. ನಮ್ಮೂರಲ್ಲಿ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ನಾನೂ ಹಾಗೇ ಕರೆದೆ. ಅವರು ಹುಟ್ಟಿದ್ದು ಗಡಿಯಾಚೆ, ಸಿಂಧ್‌ನಲ್ಲಿ. ಗಂಡನ ಜೊತೆ ಬಂದು, ಇಲ್ಲಿ ಗಂಡನನ್ನು ಕಳೆದುಕೊಂಡರು. ಮಕ್ಕಳಿರಲಿಲ್ಲ. ಅವರ ಹಿಂದಿಯೊಳಗೆ ನನ್ನ ಮಾತು ಸೇರಿ ಸೇರಿ, ಕೊನೆಕೊನೆಗೆ ನನ್ನ ತವರಿನವರಂತೆಯೇ ಮಾತಾಡುತ್ತಿದ್ದರು.

ಕುಪ್ಪಸ ಹೊಲಿದು ತೋರಿಸಿದರೆ ಮೊದಲು ಒಳಮೈ ನೋಡುತ್ತಿದ್ದರು. "ಸೀದಾ ಎಲ್ಲಾರೂ ಚಂದ ಹೊಲೀತಾರ. ಉಲ್ಟಾ ತೋರಿಸು." ಅಂಗಡಿಯಲ್ಲಿ ಹುಕ್ಕು ಕೇಳಲೂ ನನಗೆ ನಾಚಿಕೆ. ಬೆನ್ನಿಗೆ ಕೈಯಿಟ್ಟು ಮುಂದೆ ನೂಕುವರು: "ಬಾಯಿಗೂ ಹೊಲಿಗಿ ಹಾಕ್ಕೊಂಡೀ ಏನು? ಕೇಳು."

ಇಲ್ಲಿರಲು ಅವರಿಗೆ ಆಗಾಗ ವೀಸಾ ಕಾಗದ ಹೊಸದು ಮಾಡಿಸಬೇಕಿತ್ತು. ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದರು. ಅದು ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳಿದರೆ ಒಂದೇ ಉತ್ತರ: "ಮರುದಿನಾನ ಯಾರನ್ನೂ ಕೇಳದ ನಿನ್ನ ಊರಿಗೆ ಬರ್ತೀನಿ. ಹೊಲದಾಗ ಕುಂತು ಬಿಸಿ ಸೀತನಿ ತಿಂತೀನಿ." ಎಳೆ ಜೋಳದ ತೆನೆ ಸುಟ್ಟು ಬಡಿದ ಸೀತನಿಯನ್ನು ನಾನು ಊರಿಂದ ತಂದುಕೊಡುತ್ತಿದ್ದೆ. ತಣ್ಣಗಾದದ್ದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದರು.

ಗಡಿಯಲ್ಲಿ ಕದನ ನಡೆದ ವರ್ಷ, ಆ ದೇಶದವರೆಲ್ಲ ಹೊರಡಬೇಕೆಂದು ಹುಕುಂ ಆಯಿತು. ದೀರ್ಘಕಾಲದ ವೀಸಾ ಇದ್ದ ಅಕ್ಕೋರಂಥವರಿಗೆ ವಿನಾಯಿತಿ ಇತ್ತು, ಆದರೆ ಎಲ್ಲರ ಕಾಗದ ಮತ್ತೆ ತೆಗೆದು ನೋಡಿದರು. ಹೊಲಿಗೆಗೆ ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರೇ ಬರುವುದು ಬಿಟ್ಟರು. ಒಂದು ದಿನ ಹವಾಲ್ದಾರರೊಬ್ಬರು ನಮ್ಮ ಬಾಗಿಲಿಗೆ ಬಂದು, ಅಕ್ಕೋರ ಖೋಲಿ ತೋರಿಸಿ, ಈ ಹೆಂಗಸು ಎಂಥವರು ಎಂದು ಮರಾಠಿಯಲ್ಲಿ ಕೇಳಿದರು.

ನಾನು ಎಂದೂ ಇಲ್ಲದಷ್ಟು ಮಾತಾಡಿದೆ. ಮಕ್ಕಳೇ, ಇಪ್ಪತ್ತು ವರ್ಷದ ಹಿಂದೆ ನಿಮ್ಮಜ್ಜ ಸಾನಪಾಡಾದ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದರು. ನಿಮ್ಮಪ್ಪನಿಗೆ ಹತ್ತನೆಯ ಪರೀಕ್ಷೆ. ದಿಕ್ಕು ತೋಚದೆ ರೂಪಾಯಿ ಹಾಕುವ ಫೋನಿನಿಂದ ಅಕ್ಕೋರನ್ನು ಕರೆದೆ. ಠಾಣೆ ಊರಿನ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಸಂಜೆಗೇ ಬಂದರು. ಹನ್ನೆರಡು ದಿನ ಆಸ್ಪತ್ರೆಯ ನೆಲದ ಮೇಲೆ ನನ್ನ ಪಕ್ಕ ಮಲಗಿದರು. ಇಷ್ಟನ್ನೂ ಹೇಳಿ, "ಇಂಥವರು ಸಿಗೂದಿಲ್ಲ ಸಾಹೇಬ್ರ" ಅಂದೆ.

ಹವಾಲ್ದಾರರು ಬರೆಯುವುದನ್ನು ನಿಲ್ಲಿಸಿ ಕೇಳಿದರು: "ಪರ್ಮಿಷನ್ ಘೇತಲೀ ಹೋತೀ ಕಾ?" ಅನುಮತಿ ಪಡೆದಿದ್ದರೇ ಎಂದು.

ಆಗಿನ ಅಕ್ಕೋರ ಕಾಗದದಲ್ಲಿ ಕಲ್ಯಾಣ ಒಂದೇ ಇತ್ತಂತೆ. ಹೊರಗೆ ರಾತ್ರಿ ಉಳಿಯಬೇಕಾದರೆ ಮೊದಲೇ ಅನುಮತಿ ಪಡೆಯಬೇಕಂತೆ. ಅಕ್ಕೋರು ನನಗೆ ಅದನ್ನು ಹೇಳಿಯೇ ಇರಲಿಲ್ಲ. ಹೇಳಿದ್ದರೆ ನಾನು ಬರಬೇಡಿ ಅನ್ನುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು.

ಅಕ್ಕೋರನ್ನು ದೇಶದಿಂದ ಹೊರಗೆ ಕಳಿಸಲಿಲ್ಲ. ಅರ್ಜಿ ಮಾತ್ರ ಅಲ್ಲೇ ನಿಂತಿತು. ನಾನು ಅಳುತ್ತ ಹೋಗಿ ಹೇಳಿದಾಗ ಅವರು ದಾರ ಕಡಿದು ನನ್ನ ಮುಖ ನೋಡಿದರು.

"ಮೂವತ್ತು ವರ್ಷ ನೂಕಿದೆ, ಬಾಯಿ ತೆರೀಲಿಲ್ಲ. ತೆರೆದಿ ಅಂದ್ರ ಪೊಲೀಸರ ಮುಂದ ತೆರೆದೀಯಲ್ಲೇ ಹುಚ್ಚಿ!"

ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಅಲ್ಲಿಂದ ಅವರ ಜೊತೆ ಪ್ರತಿ ಸಲ ಕಚೇರಿಗೆ ಹೋದೆ. ಒಂದು ಸಲ ಮೇಜು ಗುದ್ದಿಯೂ ಮಾತಾಡಿದೆ. "ಆಜಿ, ನೀವು ಹೇಳಿದ್ದೇ ಫೈಲಿನಲ್ಲಿರೋದು" ಎಂದರು ಅಲ್ಲಿಯವರು. ನಿಜವೇ. ಹನ್ನೆರಡು ದಿನ, ಅನುಮತಿ ಇಲ್ಲದೆ. ಯಾಕೆ ಬಂದರು, ಯಾರಿಗಾಗಿ ಬಂದರು, ಒಂದಕ್ಷರವಿಲ್ಲ. ನಿಮ್ಮಜ್ಜನಿಗೆ ಅವರು ಚಮಚದಲ್ಲಿ ನೀರು ಕುಡಿಸಿದ್ದನ್ನೂ ನಾನು ಹೇಳಿದ್ದೆನಲ್ಲ, ಅದೆಲ್ಲಿ ಹೋಯಿತು?

ಕಳೆದ ಶ್ರಾವಣದಲ್ಲಿ ಜ್ವರ ಬಂದು, ಮೂರೇ ದಿನದಲ್ಲಿ ಅಕ್ಕೋರು ಹೋದರು. ಸೀತನಿಯ ಕಾಲಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಪೌರತ್ವ ಬಂದಿರಲಿಲ್ಲ.

ಫೈಲು ಮುಚ್ಚಲು ಅದೇ ಹವಾಲ್ದಾರರು ಬಂದರು. ಸತ್ತದ್ದು ನಿಜವೆಂದು ನನ್ನ ಸಹಿ ಬೇಕಿತ್ತು. ಪೆನ್ನು ಹಿಡಿದು, "ಸಾನಪಾಡಾಕ್ಕ ಅವರನ್ನ ಕರೆದಾಕಿ ನಾನು. ಅದನ್ನೂ ಬರಕೋರಿ" ಅಂದೆ. ಅವರಿಗೆ ತಿಳಿಯಲಿಲ್ಲ. ಮರಾಠಿಯಲ್ಲಿ ಮತ್ತೆ ಹೇಳಿದೆ. ಅವರು ಕೆಟ್ಟವರಲ್ಲ, ಕಾಗದ ತಿರುಗಿಸಿ, ಹಿಂದೆ ಮುಂದೆ ನೋಡಿದರು.

"ಇದರಲ್ಲಿ ಅದಕ್ಕೆ ಜಾಗ ಇಲ್ಲ, ಆಜಿ."

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದಿದ್ದರೆ ಅಪ್ಪನ ಕೈಲಿ ಓದಿಸಿಕೊಳ್ಳಿ. ಕರೆದವಳು ನಿಮ್ಮ ಅಜ್ಜಿ.