ಫೈಬರ್ ಬೋಟಿನ ಕಾಕ

ಅವರ ಹತ್ತು ಬೆರಳುಗಳ ತುದಿಯಲ್ಲೂ ಒಂದೂ ಗೆರೆ ಇರಲಿಲ್ಲ. ಬಚ್ಚಲಲ್ಲಿ ಬಹಳ ದಿನದಿಂದ ಉಳಿದುಹೋದ ಸೋಪಿನ ಚೂರಿನ ಹಾಗೆ ನುಣುಪಾಗಿ, ಬಿಳಿಚಿಕೊಂಡು ಇದ್ದವು. ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಆ ಬೆರಳುಗಳನ್ನು ನನ್ನ ಮುಂದೆ ಚಾಚಿ, "ನೋಡಿ ಶೆಟ್ರೇ, ಫೈಬರ್ ಕೆಲಸ ಅಂದ್ರೆ ಇದು. ನಾನು ಎಲ್ಲಿಯಾದ್ರೂ ಕಳ್ಳತನ ಮಾಡಿದ್ರೆ ಪೊಲೀಸಿನವರಿಗೆ ಗುರ್ತವೇ ಸಿಕ್ಕುದಿಲ್ಲ" ಎಂದು ನಕ್ಕರು. ನಗು ಮುಗಿಯುವ ಮೊದಲೇ ಕೆಮ್ಮು ಹಿಡಿಯಿತು. ಅದು ನಿಲ್ಲುವವರೆಗೆ ಅಂಗಡಿಯವನೂ ನಾನೂ ಕಾದೆವು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಒಂಬತ್ತು ವರ್ಷ ಕೂತಿದ್ದ ನಾನು ಒಂದು ಬೆಳಿಗ್ಗೆ ಅವನೊಡನೆ ಜಗಳವಾಡಿ ಎದ್ದು ಬಂದಿದ್ದೆ. ಜಗಳ ಏನಕ್ಕೆ ಎಂದು ಈಗ ನೆನಪಿಲ್ಲ, ಆದರೆ ಎದ್ದು ಬಂದವನಿಗೆ ಏನಾದರೂ ಮಾಡಿ ತೋರಿಸಲೇಬೇಕಿತ್ತು. ಪಣಂಬೂರಿನ ಕಡೆ ಕೆಲಸ ಮುಗಿಸಿ ಊರು ಬಿಟ್ಟ ಯಾವುದೋ ಕಂಪೆನಿಯವರು ಹದಿನಾರು ಅಡಿಯ ಒಂದು ಫೈಬರ್ ಮೋಟಾರ್ ಬೋಟನ್ನು ಹಾಗೇ ಬಿಟ್ಟು ಹೋಗಿದ್ದರು. ಅದನ್ನು ಕೊಂಡೆ. ರಿಪೇರಿ ಮಾಡಿ ಬೋಳೂರಿನಿಂದ ಬೆಂಗ್ರೆಗೆ, ಹೊಳೆಯ ನಡುವಿನ ಕುದ್ರು ದ್ವೀಪಗಳಿಗೆ ಜನ ಸಾಗಿಸುವುದು ನನ್ನ ಯೋಚನೆ. ಬೋಟನ್ನು ಹೊತ್ತ ಲಾರಿ ಹೋಟೆಲಿನ ಎದುರು ಹಾದುಹೋಗುವಾಗ ಅಣ್ಣ ಬಾಗಿಲಿಗೆ ಬಂದು ನಿಂತು ನೋಡಿದನಂತೆ. "ಮಳೆಗಾಲ ಮುಗಿಯುವಾಗ ತಾನಾಗಿ ವಾಪಸ್ ಬರ್ತಾನೆ" ಎಂದನಂತೆ. ಹಾಗೇ ವಾಪಸ್ ಹೋಗಿಬಿಟ್ಟೇನೆಂಬ ಹೆದರಿಕೆ ನನಗೂ ಇತ್ತು.

ಫೈಬರಿನ ಬಗ್ಗೆ ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮರದ ದೋಣಿ. ನಮ್ಮ ಮನೆಗೆ ಕುದ್ರುವಿನಲ್ಲಿ ತೆಂಗಿನ ತೋಟ ಇದ್ದ ಕಾಲದಲ್ಲಿ ಒಂದು ದೋಣಿಯೂ ಇತ್ತು. ವರ್ಷಕ್ಕೊಮ್ಮೆ ಅದನ್ನು ಮಗುಚಿ, ಒಣಗಿಸಿ, ಬೂತಾಯಿ ಮೀನಿನ ಎಣ್ಣೆ ಕುಡಿಸುವುದು ಮನೆಯ ಪದ್ಧತಿ. ಬೋಟು ತಂದೆ ಎಂದು ತಿಳಿದ ಕೂಡಲೇ ದೇರೆಬೈಲಿನಲ್ಲಿದ್ದ ಅಮ್ಮ ಒಂದು ಡಬ್ಬಿ ಎಣ್ಣೆ ಕಳಿಸಿ, "ಮೊದಲು ಹೊಟ್ಟೆ ತುಂಬ ಎಣ್ಣೆ ಕೊಡು, ಮತ್ತೆ ಬೇರೆ ಕೆಲಸ" ಎಂದು ಹೇಳಿಸಿದ್ದರು. ಬೋಳೂರಿನ ಹೊಳೆಬದಿಯ ಶೆಡ್ಡಿನಲ್ಲಿ ಬೋಟನ್ನು ಇರಿಸಿ, ಒಳಗೂ ಹೊರಗೂ ಎರಡೆರಡು ಸಲ, ಒಂದು ಬಿರುಕನ್ನೂ ಬಿಡದೆ ಎಣ್ಣೆ ತಿಕ್ಕಿದೆ. ಅಷ್ಟು ಭಕ್ತಿಯಿಂದ ನಾನು ಆವರೆಗೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಎಣ್ಣೆ ಹಚ್ಚಿ ಹತ್ತು ದಿನದ ಮೇಲೆ ತೂತು ಮುಚ್ಚುವ ಸಾಮಾನು ಕೇಳಲು ಆ ಅಂಗಡಿಗೆ ಹೋದಾಗ ಸಿಕ್ಕಿದವರು ಈ ಬ್ಯಾರಿ ಮೇಸ್ತ್ರಿ. ಹದಿನಾಲ್ಕು ವರ್ಷ ದುಬೈಯಲ್ಲಿ ಫೈಬರ್ ಬೋಟು ಕಟ್ಟುವ ಯಾರ್ಡಿನಲ್ಲಿದ್ದು, ಎದೆ ಕೆಟ್ಟು ಊರಿಗೆ ಬಂದಿದ್ದರು. ಕುದ್ರೋಳಿಯಲ್ಲಿ ಮನೆ. ಹೆಂಡತಿ ತೀರಿಕೊಂಡಿದ್ದರು, ಶಾಲೆಯಲ್ಲಿ ಟೀಚರಾಗಿದ್ದ ಮಗಳ ಜೊತೆ ಇದ್ದರು. ಎಲ್ಲರೂ ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಮಾರನೆಯ ದಿನ ಶೆಡ್ಡಿಗೆ ಬಂದರು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು. ಹತ್ತಿರ ಬಂದು ಬೋಟಿನ ಮೈಮೇಲೆ ಒಂದು ಬೆರಳು ಎಳೆದು, ಮೂಸಿ, ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಎಂತ ಹಚ್ಚಿದ್ದು ಇದಕ್ಕೆ?"

"ಬೂತಾಯಿ ಎಣ್ಣೆ ಕಾಕ. ಎರಡು ಕೋಟು."

"ಯಾ ಅಲ್ಲಾ!" ಎಂದು ಹಣೆ ಒತ್ತಿಕೊಂಡರು. "ಇದು ಮರ ಅಲ್ಲ ಶೆಟ್ರೇ. ಇದಕ್ಕೆ ಹಸಿವು ಬಾಯಾರಿಕೆ ಎಂತದೂ ಇಲ್ಲ. ಎಣ್ಣೆ ಇದ್ದಲ್ಲಿ ತೂತು ಮುಚ್ಚುವ ರೆಸಿನ್ ಅಂಟು ಕಚ್ಚುದಿಲ್ಲ. ಇನ್ನು ಮೈಯಿಡೀ ಕೆರೆದು ತೆಗಿಬೇಕು. ಒಂದು ತಿಂಗಳ ಕೆಲಸ ಇತ್ತು, ನೀವು ಅದನ್ನು ನಾಲ್ಕು ತಿಂಗಳು ಮಾಡಿಟ್ಟಿದ್ದೀರಿ."

ನನ್ನ ಮುಖ ಸಪ್ಪಗಾದದ್ದನ್ನು ನೋಡಿಯೋ ಏನೋ, ಹೊರಡಲು ಎದ್ದವರು ಹೊರಡಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಬಂದು ಹೇಳಿಕೊಡುವುದಾಗಿ ಒಪ್ಪಿದರು. ಒಂದೇ ಕರಾರು. "ನಾನು ಬಾಯಲ್ಲಿ ಹೇಳ್ತೇನೆ, ಕೈ ಹಾಕುದಿಲ್ಲ. ಡಾಕ್ಟ್ರು ಹೇಳಿದ್ದಾರೆ, ಇನ್ನು ಸ್ವಲ್ಪ ಧೂಳು ಒಳಗೆ ಹೋದ್ರೂ ಎದೆ ನಿಲ್ತದೆ ಅಂತ. ಮಗಳಿಗೆ ಮಾತು ಕೊಟ್ಟಿದ್ದೇನೆ. ನೀವು ಎಂತ ಉಜ್ಜುದಿದ್ರೂ ನೀರು ಹಾಕಿಯೇ ಉಜ್ಜಬೇಕು. ನೀರಿಲ್ಲದೆ ಉಜ್ಜುವ ದಿನ ನನಗೆ ಮೊದಲೇ ಹೇಳಿ, ನಾನು ಈ ಕಡೆ ಬರುದಿಲ್ಲ."

ಹಾಗೆ ನನ್ನ ಕಲಿಕೆ ಶುರುವಾಯಿತು. ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ತೊಳೆಯುವುದು, ಥಿನ್ನರಿನಲ್ಲಿ ಒರೆಸುವುದು, ವಾಟರ್ ಪೇಪರ್ ಎಂಬ ಉಪ್ಪುಕಾಗದ ಹಿಡಿದು ಉಜ್ಜುವುದು, ಮತ್ತೆ ತೊಳೆಯುವುದು. ದಿನಕ್ಕೆ ಒಂದು ಚಾಪೆಯಷ್ಟು ಜಾಗ ಮುಗಿದರೆ ಹೆಚ್ಚು. ಭುಜ ಎತ್ತಲಾಗದೆ ಊಟದ ತುತ್ತನ್ನು ಬಗ್ಗಿ ತಿನ್ನುತ್ತಿದ್ದೆ. ಕಾಕ ಬಂದವರೇ ಲೋಟದಲ್ಲಿ ಬೆರಳದ್ದಿ ನಾನು ಉಜ್ಜಿದ ಕಡೆಗೆ ನೀರು ಚಿಮುಕಿಸುತ್ತಿದ್ದರು. ನೀರು ತೆಳ್ಳಗೆ ಹರಡಿಕೊಂಡರೆ ಎಣ್ಣೆ ಹೋಗಿದೆ ಎಂದು ಅರ್ಥ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ನಿಂತರೆ ಎಣ್ಣೆ ಇನ್ನೂ ಉಂಟು. ಮಣಿ ನಿಂತಾಗ ಅವರು ಬೈಯುತ್ತಿರಲಿಲ್ಲ. "ನಿಮ್ಮ ಅಮ್ಮನ ಎಣ್ಣೆ ಒಳ್ಳೆ ಕ್ವಾಲಿಟಿ ಮಾರಾಯ್ರೇ" ಎನ್ನುತ್ತಿದ್ದರು. ನಾನು ಮತ್ತೆ ಬಕೆಟ್ ತುಂಬುತ್ತಿದ್ದೆ.

ಮೆಚ್ಚಿಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ. ಒಳ್ಳೆಯದಾಗಿದ್ದರೆ ಏನೂ ಹೇಳದೆ ಮುಂದಿನ ಜಾಗಕ್ಕೆ ಸ್ಟೂಲು ಎಳೆದುಕೊಳ್ಳುವರು, ಅಷ್ಟೇ. ಮಸೀದಿಯಿಂದ ಸಂಜೆಯ ಅಸರ್ ಬಾಂಗು ಕೇಳಿದೊಡನೆ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಹೊಳೆಯ ಕಡೆಯ ಜಗಲಿಗೆ ಹೋಗಿ ನಮಾಜು ಮಾಡಿ, ಬಂದು ಅದೇ ಅರ್ಧದಿಂದ ಮುಂದುವರಿಸುವರು. ದುಬೈಯ ಬಗ್ಗೆ ಕೇಳಿದರೆ, "ಅಲ್ಲಿ ಎಂತ ನೋಡಿದ್ದೇನೆ? ಬೋಟಿನ ಒಳಗೆ ನೋಡಿದ್ದೇನೆ" ಎಂದು ಮುಗಿಸುವರು. ಬೋಟಿನ ಒಳಗೆ ಕೂತು ಗ್ರೈಂಡರ್ ಹಿಡಿಯುವ ಕೆಲಸ ಯಾರಿಗೂ ಬೇಡವಾದ್ದರಿಂದ ಅದು ಇವರಿಗೆ ಬರುತ್ತಿತ್ತಂತೆ.

ಮಳೆ ಹಿಡಿಯಿತು. ಎರಡು ತಿಂಗಳಾದರೂ ಒಳಗಿನ ಅರ್ಧ ಹಾಗೇ ಉಳಿದಿತ್ತು. ಬೋಟಿನ ಹಿಂಬದಿ, ಮೋಟಾರು ಕೂರುವ ಮರದ ಹಲಗೆ ಕೊಳೆತು ಕುಂಬಾಗಿದ್ದರಿಂದ ಅದನ್ನು ಕಿತ್ತು ಹೊಸದು ಕೂರಿಸಬೇಕಿತ್ತು. ಪೇಪರಿನಲ್ಲಿ ಉಜ್ಜಿ ಉಜ್ಜಿ ನನಗೆ ಸಾಕಾಗಿತ್ತು. ಸಾಕಾಗುವುದೆಂದರೆ ಸಿಟ್ಟು ಬರುವುದಲ್ಲ. ಏನಾದರೂ ಆಗಲಿ, ಒಮ್ಮೆ ಮುಗಿದರೆ ಸಾಕು ಎನ್ನಿಸುವುದು. ಆ ಸ್ಥಿತಿಯಲ್ಲಿ ಮನುಷ್ಯ ಏನನ್ನೂ ಮಾಡಿಯಾನು. ಒಂದು ದಿನ ವೆಲ್ಡಿಂಗ್ ಅಂಗಡಿಯಿಂದ ಕರೆಂಟಿನ ಗ್ರೈಂಡರ್ ತಂದೆ. ಹೊರಗೆ ಆಕಾಶ ಕಳಚಿ ಬೀಳುವಂಥ ಮಳೆ. ಈ ಮಳೆಗೆ ಕಾಕ ಬರಲಾರರು ಎಂದುಕೊಂಡೆ. ಎರಚಲು ಬರದ ಹಾಗೆ ಶೆಡ್ಡಿನ ಬಾಗಿಲು ಹಾಕಿ, ಮೂಗಿಗೆ ಬೈರಾಸು ಕಟ್ಟಿಕೊಂಡು ಬೋಟಿನೊಳಗೆ ಇಳಿದೆ.

ನಾಲ್ಕು ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಖುಷಿಯಾಯಿತು. ಧೂಳಿನಲ್ಲಿ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ, ಯಾರೋ ಭುಜ ಹಿಡಿದು ಎಳೆದರು. ತಿರುಗಿದರೆ ಕಾಕ. ಮೂಗಿಗೆ ಬಟ್ಟೆಯಿಲ್ಲ, ಏನಿಲ್ಲ. ಗ್ರೈಂಡರ್ ಆರಿಸಿದ ಮೇಲೆ ನಾನು ತೇಯುತ್ತಿದ್ದ ಜಾಗಕ್ಕೆ ಬೆರಳು ತೋರಿಸಿದರು. ಬೋಟಿನ ಅಡಿ ಅಲ್ಲಿ ಹಪ್ಪಳದಷ್ಟು ತೆಳುವಾಗಿ, ತೆರೆದ ಬಾಗಿಲಿನಿಂದ ಬಂದ ಬೆಳಕು ಅದರ ಮೂಲಕ ಕಾಣುತ್ತಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ಅಡಿಯೇ ಹರಿದುಹೋಗಿ, ಬೋಟು ಗುಜರಿಗೆ ಹೋಗುತ್ತಿತ್ತು. ಬಾಗಿಲ ಹೊರಗೆ ಕೊಡೆ ಮಡಚುವಾಗಲೇ, ಅಡಿ ತೆಳುವಾಗಿ ಗ್ರೈಂಡರಿನ ಸದ್ದು ಬದಲಾದದ್ದು ಅವರಿಗೆ ಕೇಳಿಸಿತ್ತು. ಕೂಗಿದರಂತೆ. ನನಗೆ ಕೇಳಿಸಲಿಲ್ಲ.

ಅವರು ಹೊರಗೆ ಹೋಗಿ ಮಳೆಯಲ್ಲೇ ತೆಂಗಿನಸಿಪ್ಪೆಯ ರಾಶಿಯ ಮೇಲೆ ಕೂತು ಕೆಮ್ಮಿದರು. ತುಟಿ ನೀಲಿಯಾಯಿತು. ನಾನು ನೀರಿನ ಚೊಂಬು ಹಿಡಿದು ಎದುರು ನಿಂತಿದ್ದೆ. ಕುಡಿಯಲು ಅವರಿಗೆ ಉಸಿರು ಬೇಕಲ್ಲ. ಕೊನೆಗೆ ರಿಕ್ಷಾ ತಂದು ಆಸ್ಪತ್ರೆಗೆ ಕರೆದೊಯ್ದೆ. ಶಾಲೆಯಿಂದ ನೇರವಾಗಿ ಓಡಿ ಬಂದ ಮಗಳು ನನ್ನ ತಲೆಯಿಂದ ಕಾಲಿನವರೆಗೆ ಮೆತ್ತಿದ್ದ ಬಿಳಿ ಧೂಳನ್ನು ನೋಡಿದಳು. ಅಪ್ಪನಿದ್ದ ಕೋಣೆಗೆ ಓಡಿದಳು.

ಹನ್ನೆರಡು ದಿನದ ಮೇಲೆ ಕಾಕ ಮನೆಗೆ ಬಂದರು. ಮುಸುಂಬಿ ಹಿಡಿದುಕೊಂಡು ಹೋದೆ. ಬಾಗಿಲು ತೆರೆದ ಮಗಳು ದಾರಿ ಬಿಡಲಿಲ್ಲ.

"ಇನ್ನು ಎಂತ ಬೇಕು ನಿಮಗೆ?"

ನಾನು ಮುಸುಂಬಿಯ ಚೀಲ ಮುಂದೆ ಚಾಚಿದೆ. ಅಷ್ಟರಲ್ಲಿ ಒಳಗಿನಿಂದ ಅವರ ಸ್ವರ ತುಂಡು ತುಂಡಾಗಿ ಬಂತು. "ಯಾರದು? ಶೆಟ್ರಾ? ಹಲಗೆ ಕೂರಿಸಿದ್ರಾ?"

ಅವಳು ಕಣ್ಣೊರೆಸಿಕೊಂಡು ಬದಿಗೆ ಸರಿದಳು. ಆದರೆ ಒಂದು ಮಾತು ಹೇಳಿಯೇ ಬಿಟ್ಟಳು. "ಬರುದಾದ್ರೆ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿ ಬನ್ನಿ. ಆ ಬೋಟಿನ ಒಂದು ಕಣ ಧೂಳು ಈ ಮನೆಗೆ ಬರ್ಲಿಕ್ಕಾಗುದಿಲ್ಲ." ಆಮೇಲೆ ಪ್ರತಿ ಸಲವೂ ಶೆಡ್ಡಿನ ಪಕ್ಕದ ಬಾವಿಯಲ್ಲಿ ಮೂರು ಸಲ ಸೋಪು ಹಚ್ಚಿ ಮಿಂದು, ಒಗೆದ ಬಟ್ಟೆ ತೊಟ್ಟು ಹೋದೆ. ಅವಳು ನನ್ನ ಕೂದಲನ್ನೂ ಉಗುರನ್ನೂ ನೋಡಿಯೇ ಒಳಗೆ ಬಿಡುತ್ತಿದ್ದಳು.

ಉಳಿದ ಪಾಠ ಅವರ ಮಂಚದ ಬದಿಯಲ್ಲಿ ನಡೆಯಿತು. ರೆಸಿನಿನ ವಾಸನೆಯೂ ಅವರಿಗೆ ಆಗದು. ಹಾಗಾಗಿ ಒಂದು ಬಟ್ಟಲು ಗಂಜಿತಿಳಿ, ತೆಳ್ಳನೆಯ ಹಳೆಯ ಮಲ್ ಬಟ್ಟೆಯ ತುಂಡು, ಪೈಂಟಿನ ಬ್ರಷ್ಷು ತರಿಸಿ, ಇನ್ನೊಂದು ಸ್ಟೀಲ್ ಬಟ್ಟಲನ್ನು ಕವುಚಿ ಹಾಕಿಸಿ, "ಇದೇ ನಿಮ್ಮ ಬೋಟು. ಗಂಜಿಯೇ ರೆಸಿನ್, ಬಟ್ಟೆಯೇ ಫೈಬರ್. ಒಂದು ಕೋಟು ಗಂಜಿ, ಅದರ ಮೇಲೆ ಬಟ್ಟೆ, ಮತ್ತೆ ಗಂಜಿ. ನಡುವಿನಿಂದ ಅಂಚಿಗೆ ಒತ್ತಿ" ಎನ್ನುವರು. ನಾನು ಒತ್ತುವೆ. ಅವರು ನುಣುಪು ಬೆರಳಿನಿಂದ ತಡವಿ, ನನ್ನ ಕಣ್ಣಿಗೆ ಕಾಣದ ಗುಳ್ಳೆಯನ್ನು ಹುಡುಕಿ ತೆಗೆಯುವರು. "ಇಲ್ಲಿ ಗಾಳಿ ಉಂಟು. ಪುನಃ ಮಾಡಿ." ಒಮ್ಮೆ ಹಾಗೆ ಹೇಳಿ, ಸ್ವಲ್ಪ ಹೊತ್ತು ಉಸಿರಿಗೆ ಕಾದು, "ಬೋಟಿನ ಒಳಗೆ ಗಾಳಿ ಇರಬಾರದು ಶೆಟ್ರೇ, ನನ್ನ ಒಳಗೆ ಇರಬೇಕು. ಎರಡು ಕಡೆಯೂ ಉಲ್ಟಾ ಆಗಿದೆ" ಎಂದರು. ಅವರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಗಳು ನಗಲಿಲ್ಲ, ನಾನೂ ನಗಲಿಲ್ಲ.

ಒಂದು ದಿನ ಅವಳು ಇಲ್ಲದ ಹೊತ್ತು ನೋಡಿ ಕೇಳಿದೆ. "ಮೆಯಿನ್ ಸ್ವಿಚ್ಚು ಬಾಗಿಲ ಹೊರಗೇ ಇತ್ತಲ್ಲ ಕಾಕ. ಅದನ್ನು ಆರಿಸಿದ್ರೆ ಆಗ್ತಿತ್ತು. ಯಾಕೆ ಒಳಗೆ ಬಂದ್ರಿ?"

"ಆ ಹೊತ್ತಿಗೆ ಸ್ವಿಚ್ಚು ಯಾರಿಗೆ ನೆನಪಾಗ್ತದೆ ಮಾರಾಯ್ರೇ? ನನಗೆ ಬೋಟಿನ ಅಡಿ ಮಾತ್ರ ಕಂಡದ್ದು." ಮತ್ತೆ ನನ್ನ ಮುಖ ನೋಡಿ ಹೇಳಿದರು. "ಹದಿನಾಲ್ಕು ವರ್ಷದ ಧೂಳು ಈ ಎದೆಯೊಳಗೆ ಉಂಟು. ನಿಮ್ಮ ಒಂದು ದಿನದ್ದು ಎಂತ ಮಹಾ? ಅದನ್ನು ತಲೆಗೆ ಹಾಕ್ಕೊಳ್ಳಬೇಡಿ."

ಆ ಮಾತನ್ನು ನಂಬಲು ನಾನು ಬಹಳ ಪ್ರಯತ್ನಪಟ್ಟೆ.

ಗಂಜಿಯಲ್ಲಿ ಕಲಿತದ್ದನ್ನು ಶೆಡ್ಡಿಗೆ ಹೋಗಿ ರೆಸಿನಿನಲ್ಲಿ ಮಾಡಿದೆ. ಹೊಸ ಹಲಗೆ ಕೂರಿಸಿ, ತೆಳುವಾದ ಕಡೆಗೆ ಏಳು ಪದರ ಹಾಕಿದೆ. ಮಳೆಯ ತಂಡಿಗೆ ರೆಸಿನ್ ಗಟ್ಟಿಯಾಗದೆ ಎರಡೆರಡು ದಿನ ಬಲ್ಬು ಉರಿಸಿ ಕಾಯಬೇಕಾಗಿತ್ತು. ಅದನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡ್ನರ್ ಹೆಚ್ಚಾಗಿ ಎರಡು ಸಲ ಡಬ್ಬಿಯಲ್ಲೇ ಹೊಗೆ ಬಂತು. ಹೇಗೋ ಮುಗಿಯಿತು. ಮುಗಿದ ದಿನ ಸಂತೋಷಪಡುವಷ್ಟು ಶಕ್ತಿ ನನ್ನಲ್ಲಿ ಇರಲಿಲ್ಲ. ಬೋಟಿನ ನೆರಳಲ್ಲೇ ಮಲಗಿ ನಿದ್ದೆಹೋದೆ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಬೋಟನ್ನು ಹೊಳೆಬದಿಗೆ ತಂದೆವು. ಕಾಕ ಮಗಳೊಡನೆ ರಿಕ್ಷಾದಲ್ಲಿ ಬಂದರು. ಬೆರಳ ಗೆಣ್ಣಿನಿಂದ ಬೋಟಿನ ಮೈಯನ್ನು ಮುಂದಿನಿಂದ ಹಿಂದಿನವರೆಗೆ ತಟ್ಟುತ್ತಾ, ಕಿವಿಗೊಟ್ಟು ನಡೆದರು. ನಾಲ್ಕು ಹೆಜ್ಜೆ, ಉಸಿರಿಗೆ ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಹದಿನಾರು ಅಡಿಗೆ ಅರ್ಧ ಗಂಟೆ ಹಿಡಿಯಿತು. ಮೋಟಾರಿನ ಹಲಗೆಯ ಕೆಳಗೆ ಒಂದು ಕಡೆ ಎರಡು ಸಲ ತಟ್ಟಿ ನನ್ನನ್ನು ನೋಡಿದರು. "ಇಲ್ಲಿ ಸ್ವಲ್ಪ ಗಾಳಿ ಉಂಟು. ಪರ್ವಾಗಿಲ್ಲ, ನೀರಿಗೆ ಇಳಿಸಿ." ಇಳಿಸಿದೆವು. ತೇಲಿತು. ಒಂದು ಗಂಟೆ ಕಾದು ಒಳಗೆ ಬಗ್ಗಿ ನೋಡಿದೆ, ಒಣಗಿಯೇ ಇತ್ತು. ನಾನು ದಡದಲ್ಲಿ ಕೂತು ಅತ್ತೆ. ಅವರು ಆಚೆ ತಿರುಗಿ ಮಗಳೊಡನೆ ಮೀನಿನ ರೇಟಿನ ಬಗ್ಗೆ ಏನೋ ಮಾತಾಡಿದರು.

ಬೋಟಿನಲ್ಲಿ ಒಂದು ಸುತ್ತು ಬರುವುದು ಅವರಿಂದಾಗಲಿಲ್ಲ. ಇನ್ನೊಂದು ದಿನ ನೋಡುವ ಎಂದರು. ಮುಂದಿನ ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಬೆಂಗ್ರೆಗೆ ಜನರನ್ನು ಬಿಟ್ಟು ವಾಪಸ್ ಬರುತ್ತಿದ್ದೆ. ಓಡಿ ಹೋಗಿ ಶವಯಾತ್ರೆಯ ಕೊನೆಯಲ್ಲಿ ಸೇರಿಕೊಂಡು ಮಸೀದಿಯ ಗೇಟಿನವರೆಗೆ ನಡೆದೆ.

ಅಣ್ಣನ ಗಲ್ಲಾಕ್ಕೆ ನಾನು ಮತ್ತೆ ಹೋಗಲಿಲ್ಲ. ಮದುವೆಯಾದದ್ದು, ಮನೆ ಕಟ್ಟಿದ್ದು ಎಲ್ಲ ಆ ಬೋಟಿನಿಂದ. ಆದರೆ ಧೂಳಿನ ದಿನ ನನ್ನನ್ನು ಬಿಡಲಿಲ್ಲ. ಹೇಳಿಕೊಂಡಾಗಲೆಲ್ಲ ಜನ ಸಮಾಧಾನ ಮಾಡಿದರು. ಅವರ ಆಯಸ್ಸು ಅಷ್ಟೇ ಇದ್ದದ್ದು ಎಂದು ಅಮ್ಮ ಹೇಳಿದರು. ಅವರು ಮೊದಲೇ ರೋಗಿಯಲ್ಲವಾ ಎಂದು ಹೆಂಡತಿ ಹೇಳಿದಳು. ಪ್ರತಿ ಸಮಾಧಾನದ ಮೇಲೂ ನನ್ನ ಆಯಾಸ ಹೆಚ್ಚುತ್ತಿತ್ತು.

ಅವರು ಹೋಗಿ ಮೂರು ವರ್ಷದ ಮೇಲೆ, ಒಂದು ಮಧ್ಯಾಹ್ನ, ಕುದ್ರೋಳಿಯ ಆ ಮನೆಗೆ ಹೋದೆ. ಮಗಳು ಬಾಗಿಲು ತೆರೆದಳು. ಅಭ್ಯಾಸಬಲದಿಂದ ಮಿಂದೇ ಹೋಗಿದ್ದೆ. ಕುರ್ಚಿಯಲ್ಲಿ ಕೂತು, ಅವಳ ಮುಖ ನೋಡದೆ ಕೇಳಿದೆ.

"ನಾನು ಆ ದಿನ ಗ್ರೈಂಡರ್ ಹಿಡಿಯದಿದ್ರೆ ಕಾಕ ಇನ್ನೂ ಸ್ವಲ್ಪ ವರ್ಷ ಇರ್ತಿದ್ರಾ?"

ಅವಳು ತಡಮಾಡಲಿಲ್ಲ. "ಹೌದು, ಇರ್ತಿದ್ರು" ಎಂದಳು.

ಅಷ್ಟು ವರ್ಷಗಳಲ್ಲಿ ನನಗೆ ಯಾರೂ ಅದನ್ನು ಹೇಳಿರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಅವಳು ಎದ್ದು ಒಳಗೆ ಹೋದಳು. ನಾನು ಹೊರಡಬೇಕೋ ಏನೋ ಎಂದು ಚಪ್ಪಲಿ ಹುಡುಕುತ್ತಿರುವಾಗ ಅಡುಗೆಮನೆಯಿಂದ ಕೂಗಿ ಕೇಳಿದಳು.

"ಚಾಯಕ್ಕೆ ಸಕ್ಕರೆ ಹಾಕ್ಲಿಕ್ಕುಂಟಾ ಅಣ್ಣಾ?"